ಚಿತ್ರದಲ್ಲಿಲ್ಲದ ತಾಯಿ

ವಸ್ತುಸಂಗ್ರಹಾಲಯದ ಎರಡನೇ ಮಹಡಿಯಲ್ಲಿ ಆಕೆ ಇಪ್ಪತ್ತೆರಡು ವರ್ಷಗಳಿಂದ ಬಂದವರಿಗೆ ಚಿತ್ರಗಳನ್ನು ವಿವರಿಸುತ್ತಿದ್ದರು. ದೇವರ ಅಪ್ಪಣೆಯಂತೆ ಮಗನನ್ನು ಬಲಿಕೊಡಲು ಅಬ್ರಹಾಮ ಕತ್ತಿ ಎತ್ತಿರುವ ದೊಡ್ಡ ಚಿತ್ರದ ಮುಂದೆ ನಿಂತರೆ ಮಾತು ಬಾಯಿಪಾಠದ ಹಾಗೆ ಬರುತ್ತಿತ್ತು. ತಂದೆಯ ನಂಬಿಕೆ, ಸೌದೆಯ ಮೇಲೆ ಕಟ್ಟಿಹಾಕಿದ ಹುಡುಗ, ಕೊನೆಯ ಗಳಿಗೆಯಲ್ಲಿ ಕೈ ಹಿಡಿದು ತಡೆದ ದೇವದೂತ, ಎಲ್ಲವನ್ನೂ ಬೆರಳು ಮಾಡಿ ತೋರಿಸುತ್ತಿದ್ದರು.

ಒಂದು ದಿನ ಗುಂಪಿನಲ್ಲಿದ್ದ ಮುದುಕಿಯೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಅಲ್ಲಮ್ಮಾ, ಈ ಹುಡುಗನ ತಾಯಿ ಎಲ್ಲಿ?"

"ಮನೇಲಿರಬೇಕು ಅಜ್ಜಿ" ಎಂದರು ಆಕೆ. ಗುಂಪು ನಕ್ಕಿತು. ಆಕೆ ಮುಂದಿನ ಚಿತ್ರದತ್ತ ನಡೆದುಬಿಟ್ಟರು. ಅದರ ಬಗ್ಗೆ ಏನು ಹೇಳಿದರೋ ಆಕೆಗೇ ನೆನಪಿಲ್ಲ.

ಆಕೆಯ ಮಗ ಹತ್ತನೇ ತರಗತಿಯಲ್ಲಿ ಫೇಲಾದಾಗ ಗಂಡ ಕೋಣೆಯ ಬಾಗಿಲು ಹಾಕಿಕೊಂಡು ಅವನಿಗೆ ಬೆಲ್ಟಿನಿಂದ ಚರ್ಮ ಸುಲಿಯುವಂತೆ ಬಾರಿಸಿದ್ದರು. ತಡೆಯಲು ಯಾರೂ ಬರಲಿಲ್ಲ. ಗಂಡ ತೀರಿಕೊಂಡು ಈಗ ಆರು ವರ್ಷ. ಬೇರೆ ಊರಲ್ಲಿ ಬಸ್ ಓಡಿಸುವ ಮಗ ಆ ಮಾತನ್ನು ಎಂದೂ ಎತ್ತಿರಲಿಲ್ಲ.

ಊಟದ ವಿರಾಮದಲ್ಲಿ ಆಕೆ ಮೆಟ್ಟಿಲ ಮೇಲೆ ಕೂತು ಅವನಿಗೆ ಫೋನ್ ಮಾಡಿದರು.

"ಅವತ್ತು ಅಪ್ಪ ಹೊಡೀವಾಗ ನಾನು ಅಡುಗೆಮನೇಲೇ ಇದ್ದೆ ಕಣೋ. ಬರಬೇಕಿತ್ತು. ಬರ್ಲಿಲ್ಲ."

ಆ ಕಡೆ ಬಸ್ ನಿಲ್ದಾಣದ ಗದ್ದಲವಿತ್ತು.

"ಗೊತ್ತಮ್ಮಾ. ನನ್ನ ಕೂಗು ಕೇಳಿಸಬಾರದು ಅಂತ ನೀನು ನಲ್ಲಿ ಜೋರಾಗಿ ಬಿಟ್ಕೊಂಡಿದ್ದೆ ಅಲ್ವಾ? ಆ ಸದ್ದು ನಂಗೆ ಕೇಳಿಸ್ತಿತ್ತು."

"ಹೌದು ಕಣೋ" ಎಂದರು ಆಕೆ.

"ಈಗ ಯಾಕಮ್ಮಾ ಅದೆಲ್ಲ? ಬಸ್ ಹೊರಡೋ ಹೊತ್ತಾಯ್ತು, ಸಂಜೆ ಮಾಡ್ತೀನಿ" ಎಂದ ಮಗ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಆಕೆಗೆ ಅಷ್ಟು ನೋಯುತ್ತಿರಲಿಲ್ಲ.