ಮುಳ್ಳು ಸೊನ್ನೆಗೆ ಬರಲಿ

ಮೊನ್ನೆ ಮಿಕ್ಸಿ ರಿಪೇರಿಯವನ ಜೊತೆ ಜಗಳವಾಡಲೆಂದೇ ಹೊರಟಿದ್ದೆ. ಎರಡು ಸಲ ಸರಿ ಮಾಡಿಕೊಟ್ಟರೂ ನಮ್ಮ ಮನೆಯಲ್ಲಿ ಅದು ತಿರುಗದು, ಅವನ ಅಂಗಡಿಯಲ್ಲಿ ಮಾತ್ರ ಗುರ್ರೆನ್ನುತ್ತದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಯಾವುದಕ್ಕೋ ಬೆಸುಗೆ ಹಾಕಿದ. ರಾಳದ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಮನಸ್ಸಿನಲ್ಲೇ ಹಳೆಯ ಕಾಲದ ಕಡೂರಿಗೆ ಹೋಗಿಬಿಟ್ಟೆ.

ಅಲ್ಲಿ ನನ್ನ ಅಣ್ಣನದು ರೇಡಿಯೋ ರಿಪೇರಿ ಅಂಗಡಿ. ಅಣ್ಣ ರಿಪೇರಿ ಮಾಡುತ್ತಿದ್ದ; ನಾನು ಮುಂದೆ ಗಂಭೀರವಾಗಿ ಕೂತು, ಏನು ಕೆಟ್ಟಿದ್ದರೂ ‘ವಾಲ್ವ್ ಹೋಗಿದೆ’ ಎನ್ನುತ್ತಿದ್ದೆ. ಬಿಡಿಭಾಗಗಳನ್ನು ಅಳೆದು ನೋಡುವ ಮುಳ್ಳಿನ ಮೀಟರ್ ಇದ್ದದ್ದು ನನ್ನ ಪಕ್ಕದ ಗೂಡಿನಲ್ಲಿ. ಆಯುಧಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟ ಅಮ್ಮ, “ಪೂಜೆ ಮಾಡಿದ್ ಜಾಗದಿಂದ ಕದಲಿಸ್ಬ್ಯಾಡ್ರಪ್ಪ” ಎಂದಿದ್ದಳು. ಬಸ್ಸಿನ ಧೂಳಿಗೆ ಬೇಸತ್ತು ಅಣ್ಣ ಮೇಜನ್ನು ಹಿಂದಿನ ಕೋಣೆಗೆ ಒಯ್ದಾಗಲೂ ಮೀಟರ್ ಅಲ್ಲೇ ಉಳಿಯಿತು. ಹಳೆಯ ತಂತಿಗಳನ್ನು ಗಂಟು ಹಾಕಿ ಅಲ್ಲಿಂದ ಮೇಜಿನವರೆಗೆ ಎಳೆದೆವು. ಬೆಳಿಗ್ಗೆ ಮೀಟರಿನ ಎರಡು ತೂತುಗಳನ್ನು ಅಲ್ಲೇ ತುಂಡು ತಂತಿಯಿಂದ ಕೂಡಿಸಿ ಮುಳ್ಳನ್ನು ಸೊನ್ನೆಗೆ ತಂದು, ಆಮೇಲೆ ಈ ಉದ್ದ ತಂತಿ ಸಿಕ್ಕಿಸುವುದು. ಅಣ್ಣ ಒಳಗೆ ಅಳೆದಾಗ ಮುಳ್ಳು ಎಲ್ಲಿದೆಯೆಂದು ನಾನು ಕೂಗಿ ಹೇಳುವುದು.

ತರೀಕೆರೆಯ ಕರೀಂ ಸಾಬರು ಮನೆಯಲ್ಲೇ ತಂತಿ ಸುತ್ತಿ ರೆಸಿಸ್ಟೆನ್ಸು ಮಾಡಿಕೊಡುತ್ತಿದ್ದರು. ವಿದ್ಯುತ್ತಿಗೆ ಬೇಕಾದಷ್ಟೇ ತಡೆ ಒಡ್ಡುವ ಪುಟ್ಟ ಸಾಮಾನು ಅದು. ಒಂದು ಸಲ ಅವರು ತಂದಿದ್ದು ಒಂದೊಂದೂ ನಮ್ಮ ಮೀಟರಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತಡೆ ತೋರಿಸಿತು. ಅಣ್ಣ ಅಷ್ಟನ್ನೂ ಅವರ ಮುಂದೆ ತಳ್ಳಿದ.

“ಮನೇಲಿ ಅಳ್ದಾಗ ಸರಿಯಾಗಿತ್ತು ಕಣಪ್ಪ. ನೀನು ವಾಪಸ್ ಕೊಟ್ಟೆ ಅಂದ್ರೆ ಬೀರೂರಿನೋರೂ ನನ್ನ ಮಾಲು ಮುಟ್ಟಲ್ಲ” ಎಂದರು ಸಾಬರು. ಆ ಕಸುಬೇ ಅವರ ಅನ್ನ.

“ಹಂಗಾದ್ರೆ ನನ್ನ ಮೀಟರ್ ಸುಳ್ಳಾ?”

ಅಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ಸಾಬರ ಮುಖ ನೋಡಿ ಮೆತ್ತಗಾದ. “ತಪ್ಪು ಎಲ್ಲೈತೆ ಅಂತ ಗೊತ್ತಾಗೋಗಂಟ ಇಬ್ರೂ ಏಳಂಗಿಲ್ಲ ಸಾಬ್ರೇ” ಎಂದು ಬಾಗಿಲು ಎಳೆದ.

ಬ್ಯಾಟರಿ ಬದಲಿಸಿದರು, ಮುಳ್ಳನ್ನು ತಟ್ಟಿದರು, ಅಳೆದದ್ದನ್ನೇ ಅಳೆದರು. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ಅಣ್ಣ ಏನನ್ನೂ ಇಡದೆ ಬರೀ ತಂತಿಯ ತುದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದ.

“ಮುಳ್ಳು ಎಲ್ಲೈತೋ?”

“ಸೊನ್ನೆಗೆ ಬಂದಿಲ್ಲ, ಈಚೆಗೇ ನಿಂತೈತೆ.”

“ನಾನು ಏನೂ ಇಟ್ಟೇ ಇಲ್ವಲ್ಲೋ!”

ಸಾಬರು ತೊಡೆ ತಟ್ಟಿದರು. “ನಿನ್ನ ತಂತಿ ತನ್ನ ತಡೇನೂ ಸೇರಿಸ್ತೈತೆ. ಕೊಬ್ಬರಿ ತೂಗಿ ಚೀಲದ ತೂಕ ಕಳೆಯೋದು ಮರ್ತಂಗಾಯ್ತು.”

ತಂತಿಯ ಪಾಲು ಕಳೆಯುತ್ತ ಎಲ್ಲವನ್ನೂ ಮತ್ತೆ ಅಳೆದರು. ಸಾಬರ ಮಾಲಿನಲ್ಲಿ ಐಬೇ ಇರಲಿಲ್ಲ. “ದುಡುಕ್ಬಿಟ್ಟೆ ಸಾಬ್ರೇ” ಎಂದ ಅಣ್ಣ. “ಚಾ ತರ್ಸಪ್ಪ” ಎಂದರು ಅವರು.

ಆಮೇಲೆ ಅಣ್ಣ ಯಾವುದನ್ನೇ ಅಳೆಯುವ ಮೊದಲು ತಂತಿಯ ತುದಿಗಳನ್ನು ಕೂಡಿಸಿ ನೋಡುತ್ತಿದ್ದ. ಯಾರನ್ನಾದರೂ ಬೈಯುವ ಮೊದಲು ತನ್ನ ಎರಡು ತೋರುಬೆರಳುಗಳನ್ನೂ ಹಾಗೇ ಒತ್ತುತ್ತಿದ್ದ. ಬೈಯುವುದೇನೂ ನಿಲ್ಲಲಿಲ್ಲ, ಸ್ವಲ್ಪ ತಡವಾಗುತ್ತಿತ್ತು ಅಷ್ಟೇ. ಅಣ್ಣ ಈಗಿಲ್ಲ, ಆ ಬೈಗುಳಕ್ಕಾಗಿ ಜೀವ ಹಾತೊರೆಯುತ್ತದೆ.

“ಏನ್ ಸಾರ್, ಮತ್ತೆ ತಿರುಗ್ತಿಲ್ವಾ?” ಎಂದ ಮಿಕ್ಸಿಯವನು. ನೋಡಿಕೊಂಡರೆ ನನ್ನ ತೋರುಬೆರಳುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು.

“ತಡಿಯಪ್ಪ, ಬಂದೆ” ಎಂದು ಮನೆಗೆ ತಿರುಗಿ ಬಂದೆ. ಅಡುಗೆಮನೆಯಲ್ಲಿ ಮಿಕ್ಸಿ ಸಿಕ್ಕಿಸುವ ಅದೇ ಪ್ಲಗ್ಗಿಗೆ, ಈವರೆಗೆ ಒಮ್ಮೆಯೂ ಕೆಡದ ಟೇಬಲ್ ಫ್ಯಾನು ಸಿಕ್ಕಿಸಿ ಸ್ವಿಚ್ಚು ಹಾಕಿದೆ. ಅದೂ ತಿರುಗಲಿಲ್ಲ.