ಯಾರ ಮಗ ಎಂದು ಕೇಳಿ ತಂಡ ಕಟ್ಟಿದ ಸಂಜೀವಣ್ಣ

ಆಟಗಾರರನ್ನು ಆರಿಸಲೆಂದು ಮೈದಾನಕ್ಕೆ ಬಂದು, ಅದೇ ಮೈದಾನಕ್ಕೆ ಬೆನ್ನು ಹಾಕಿ ಕುರ್ಚಿ ಎಳೆದುಕೊಳ್ಳುತ್ತಿದ್ದ ಕೋಚ್ ಎಂದರೆ ಸಂಜೀವಣ್ಣ ಒಬ್ಬರೇ. ಅಬುಧಾಬಿಯ ಮುಸಫ್ಫಾದ ಬಾಡಿಗೆ ಟರ್ಫ್‌ನಲ್ಲಿ ನಾವು ನಾಲಗೆ ಹೊರಹಾಕಿ ಓಡುತ್ತಿದ್ದರೆ, ಅವರು ಬೇಲಿಯ ಹತ್ತಿರ ಕರಕ್ ಚಹಾ ಹೀರುತ್ತ, ಕೈಗೆ ಸಿಕ್ಕವರನ್ನು ಹಿಡಿದು ವಿಚಾರಿಸುತ್ತಿದ್ದರು. "ಈ ಸಲ ಹೊಸಬರು ಯಾರೆಲ್ಲ ಉಂಟು? ಅವ ಯಾರ ಮಗ? ಅಪ್ಪ ಆಡ್ತಿದ್ರಾ?"

ಅಬುಧಾಬಿಯ ನಮ್ಮ ಕರಾವಳಿಯವರು ಪ್ರತಿ ಚಳಿಗಾಲಕ್ಕೆ ಒಂದು ಫುಟ್‌ಬಾಲ್ ಲೀಗ್ ನಡೆಸುತ್ತಾರೆ. ಅದಕ್ಕೆ ಮೊದಲು ಎಲೆಕ್ಟ್ರಾ ಸ್ಟ್ರೀಟಿನ ಒಂದು ಹೋಟೆಲಿನ ಮಹಡಿಯಲ್ಲಿ ಕೋಚ್‌ಗಳೆಲ್ಲ ಸೇರಿ, ಸರದಿಯ ಮೇಲೆ ಒಬ್ಬೊಬ್ಬ ಹೊಸ ಆಟಗಾರನನ್ನು ಆರಿಸಿಕೊಳ್ಳಬೇಕು. ನ್ಯಾಯ ಇರಲಿ ಎಂದು ಕಳೆದ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ. ಹಾಗಾಗಿ ಮೊದಲ ಆಯ್ಕೆ ಎಂಬುದು ಸಂಜೀವಣ್ಣನ ಪಿತ್ರಾರ್ಜಿತ ಆಸ್ತಿಯಾಗಿಬಿಟ್ಟಿತ್ತು. ವರ್ಷ ವರ್ಷವೂ ಒಳ್ಳೆಯ ಆಟಗಾರರೆಲ್ಲ ಅವರ ಮುಂದೆ ಸಾಲಾಗಿ ಇರುತ್ತಿದ್ದರು, ವರ್ಷ ವರ್ಷವೂ ಅವರು ಅಷ್ಟೂ ಜನರನ್ನು ಬಿಟ್ಟು ಒಬ್ಬ ದಂಡಪಿಂಡವನ್ನು ಹುಡುಕಿ ತರುತ್ತಿದ್ದರು. ಇದಕ್ಕೂ ಒಂದು ಪ್ರತಿಭೆ ಬೇಕು.

"ಕಾಲು ಯಾರು ಬೇಕಾದ್ರೂ ಆಡಿಸ್ತಾರೆ ಮಾರಾಯ. ರಕ್ತದಲ್ಲಿ ಉಂಟಾ ನೋಡ್ಬೇಕು," ಎನ್ನುವುದು ಅವರ ಸಿದ್ಧಾಂತ. ಹರೆಯದಲ್ಲಿ ಊರಿನ ಮೈದಾನಗಳ ಗೆರೆಯಂಚಿನಲ್ಲಿ ನಿಂತು ನೋಡಿದ ಆಟಗಾರರೆಲ್ಲ ಅವರಿಗೆ ಬಾಯಿಪಾಠ. ಯಾರ ಹೆಡ್ಡರ್ ಹೇಗೆ, ಯಾರ ಎಡಗಾಲು ಎಷ್ಟು ಚುರುಕು ಎಂದು ಗಂಟೆಗಟ್ಟಲೆ ಕೊರೆಯುತ್ತಿದ್ದರು. ಆ ಆಟಗಾರರಿಗೆ ಈಗ ಮಂಡಿನೋವು. ಅದಕ್ಕೇ ಸಂಜೀವಣ್ಣ ಅವರ ಮಕ್ಕಳನ್ನು ಹಿಡಿದು ತರುತ್ತಿದ್ದರು.

ಹಾಗೆ ಬಂದವನು ರಾನ್ಸನ್. ಅಲ್ ರೀಮ್ ಐಲ್ಯಾಂಡಿನಲ್ಲಿ ಆಡಿಟ್ ಕೆಲಸ. ಅವನ ತಂದೆ ಒಂದು ಕಾಲದಲ್ಲಿ ದೊಡ್ಡ ವಿಂಗರ್ ಅಂತೆ. ಮಗನ ಹೊಟ್ಟೆ ಕರಗಲಿ ಎಂದು ತಾಯಿಯೇ ಲೀಗಿಗೆ ಅವನ ಹೆಸರು ಕೊಟ್ಟಿದ್ದರು, ಅವನು ಆಯ್ಕೆಗೆ ಮೊದಲಿನ ಟ್ರಯಲ್ಸ್‌ಗೆ ಬಂದೂ ಇರಲಿಲ್ಲ. ಸಂಜೀವಣ್ಣ ಮೊದಲ ಆಯ್ಕೆಯಾಗಿ ಅವನ ಹೆಸರು ಕೂಗಿದಾಗ ಉಳಿದ ಕೋಚ್‌ಗಳು ನಗು ತಡೆಯಲು ನೀರು ಕುಡಿದರು. ಮೊದಲ ಪಂದ್ಯದಲ್ಲಿ ಚೆಂಡು ತನ್ನತ್ತ ಬಂದಾಗ ರಾನ್ಸನ್ ಹಿರಿಯರಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದ. "ಅಂಕಲ್, ಇಟ್ ವಾಸ್ ಕಮಿಂಗ್ ಸೋ ಫಾಸ್ಟ್!" ಎಂದ. ಸಂಜೀವಣ್ಣ ನನ್ನತ್ತ ತಿರುಗಿ ಕೂಗಿದರು, "ನೋಡಿದ್ಯಾ ಅವ ಸರಿದದ್ದು? ಥೇಟ್ ಅವನ ಅಪ್ಪಂದೇ!"

ಅದೇ ವರ್ಷ ಹರೀಶ ಎಂಬ ಹೊಸಬ ಟ್ರಯಲ್ಸ್‌ನಲ್ಲಿ ಗೋಲಿನ ಮೇಲೆ ಗೋಲು ಹೊಡೆದಿದ್ದ. ನಾನು ನಾಯಕನಾಗಿದ್ದೆ, ಸಂಜೀವಣ್ಣನ ಕಿವಿಯಲ್ಲಿ ಅವನ ಹೆಸರು ಹೇಳಿದ್ದೆ.

"ಅವನ ಅಪ್ಪ?"

"ಜಿನಸಿನ ಅಂಗಡಿಯಂತೆ, ಸಂಜೀವಣ್ಣ."

"ಹಾಗಾದ್ರೆ ಅವನೂ ಅಂಗಡಿ ಇಡ್ಲಿ. ಖಲಾಸ್."

ಹರೀಶನನ್ನು ಪಕ್ಕದ ಕೋಚ್ ಬಾಚಿಕೊಂಡರು. ಅವನು ನಮ್ಮ ಮೇಲೆಯೇ ಮನಸೋ ಇಚ್ಛೆ ಗೋಲು ಹೊಡೆದು, ಪಂದ್ಯ ಮುಗಿದ ಮೇಲೆ ಹಿರಿಯರೆಂಬ ಗೌರವಕ್ಕೆ ಸಂಜೀವಣ್ಣನ ಕೈ ಕುಲುಕಲು ಬಂದ. ಇವರು ಅವನ ಬೆನ್ನು ತಟ್ಟಿ ಕೇಳಿದರು, "ಲಾಯ್ಕ ಆಡ್ತಿ ಮಾರಾಯ. ಯಾರ ಮಗ ನೀನು?"

ಇಂಥವರ ಕೈಕೆಳಗೆ ನಾನು ಯಾಕೆ ಉಳಿದೆ ಎಂದು ಗೆಳೆಯರು ಕೇಳುತ್ತಿದ್ದರು. ಬೇರೆ ತಂಡಗಳು ಕರೆದದ್ದೂ ಉಂಟು. ಆದರೆ ಆ ಮನುಷ್ಯನ ಅಷ್ಟೂ ಆಯ್ಕೆಗಳಲ್ಲಿ ಸರಿಯಾದದ್ದು ಒಂದೇ ಒಂದು, ಅದು ನಾನು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ, ಬೇರೆ ಯಾವ ಕೋಚೂ ಕಣ್ಣೆತ್ತಿ ನೋಡದಿದ್ದಾಗ ಅವರು 'ಸಾಲ್ಯಾನ್' ಎಂದು ಕೂಗಿ ನನ್ನನ್ನು ಮೊದಲ ಸರದಿಯಲ್ಲೇ ಆರಿಸಿದ್ದರು. ನನ್ನ ಅಪ್ಪ ಪೋಸ್ಟ್ ಆಫೀಸಿನ ಗುಮಾಸ್ತರು, ಬಸ್ಸು ಹಿಡಿಯಲೂ ಓಡಿದವರಲ್ಲ. ಅಂದ ಮೇಲೆ ನನ್ನ ವಿಷಯದಲ್ಲಿ ಮಾತ್ರ ಸಂಜೀವಣ್ಣ ಕುರ್ಚಿ ತಿರುಗಿಸಿ ಆಟ ನೋಡಿರಲೇಬೇಕು. ಸೋತು ಸುಣ್ಣವಾದ ಎಷ್ಟೋ ಸಂಜೆ ಈ ಒಂದು ಲೆಕ್ಕಾಚಾರವೇ ನನಗೆ ಸಮಾಧಾನ ಕೊಟ್ಟಿತ್ತು.

ಕಳೆದ ವರ್ಷ ಅವರಿಗೆ ನಿವೃತ್ತಿಯಾಗಿ ವೀಸಾ ರದ್ದಾಯಿತು. ಊರಿಗೆ ಹೊರಡುವ ಮುನ್ನಾದಿನ ಸಾಮಾನು ಕಟ್ಟಲು ಅವರ ಫ್ಲಾಟಿಗೆ ಹೋದೆ. ರಟ್ಟಿನ ಪೆಟ್ಟಿಗೆಗೆ ಇಬ್ಬರೂ ಟೇಪು ಸುತ್ತುತ್ತಿದ್ದೆವು. ಇನ್ನು ಕೇಳದಿದ್ದರೆ ಎಂದೂ ಕೇಳಲಾಗುವುದಿಲ್ಲ ಎನಿಸಿತು.

"ಸಂಜೀವಣ್ಣ, ಆವತ್ತು ನೀವು ನನ್ನನ್ನು ತೆಗೊಂಡದ್ದು ಏನು ನೋಡಿ?"

"ಅದೆಂಥ ಕೇಳುದು? ಪಡುಬಿದ್ರಿಯ ಸಾಲ್ಯಾನ್ ಬ್ಯಾಕಲ್ಲಿ ನಿಂತ್ರೆ ಬಾಲು ದಾಟ್ತಿರ್ಲಿಲ್ಲ. ಅಂಥ ಅಪ್ಪನ ಮಗನನ್ನು ಬಿಡ್ಲಿಕ್ಕೆ ಉಂಟಾ?"

ನಾನು ಪೆಟ್ಟಿಗೆಯಿಂದ ಕೈ ತೆಗೆದೆ. "ನಾವು ಕಾರ್ಕಳದ ಸಾಲ್ಯಾನ್‌ಗಳು ಸಂಜೀವಣ್ಣ. ನನ್ನಪ್ಪ ಪೋಸ್ಟ್ ಆಫೀಸಲ್ಲಿದ್ದದ್ದು. ಚೆಂಡು ಮುಟ್ಟಿದವರೇ ಅಲ್ಲ."

ಅವರು ಟೇಪು ಕೆಳಗಿಟ್ಟರು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನನ್ನು ತಲೆಯಿಂದ ಕಾಲಿನವರೆಗೆ ಗಮನವಿಟ್ಟು ನೋಡಿದರು. ಈಗಲಾದರೂ ನನ್ನ ಆಟದ ಬಗ್ಗೆ ಒಂದು ಮಾತು ಬರುತ್ತದೆಂದು ಕಾದೆ.

"ಅಯ್ಯೋ ದೇವರೇ," ಎಂದರು, ನಿಜವಾದ ಸಂಕಟದಿಂದ. "ಹಾಗಾದ್ರೆ ಆ ಸಾಲ್ಯಾನನ ಮಗನನ್ನು ಯಾರು ತೆಗೊಂಡ್ರು ಮಾರಾಯ?"