ಬೇರಕ್ಕ ಕಿತ್ತ ಗಿಡ ಮತ್ತೆ ಚಿಗುರುವುದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಷ್ಟ್ರೀಯ ಉದ್ಯಾನದ ಗೇಟಿನ ಮುಂದೆ ಕಳೆ ಕೀಳುವ ಹೆಂಗಸರು ಸಾಲಾಗಿ ನಿಂತಿದ್ದಾರೆ. ಕಾವಲುಗಾರ ಒಬ್ಬೊಬ್ಬರ ಚೀಲವನ್ನೂ ಬಿಚ್ಚಿ ನೋಡಿ ಒಳಗೆ ಬಿಡುತ್ತಾನೆ. ಬೆಂಕಿಪೆಟ್ಟಿಗೆ ಇರಬಾರದು, ಬೀಜ ಇರಬಾರದು. ಸಂಜೆ ಹೊರಗೆ ಬರುವಾಗಲೂ ಹೀಗೇ ನೋಡುತ್ತಾನೆ. ಒಳಗಿನ ಒಂದು ಎಲೆಯೂ ಆಚೆ ಹೋಗುವಂತಿಲ್ಲ. ಸಾಲಿನ ಕೊನೆಯಲ್ಲಿ ಹಾರೆಗೆ ಒರಗಿ ನಿಂತವರು ಬೇರಕ್ಕ. ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಕಿವಿಗೆ ಬೀಳುತ್ತದೆ, ಉಳಿದ ಹೊತ್ತೆಲ್ಲ ಇದೇ ಹೆಸರು.

"ಏನ್ ಬೇರಕ್ಕ, ಬೆಳಗ್ಗೆ ಬೆಳಗ್ಗೆನೇ ಮುಖ ಹುಳಿ ತಿಂದ ಹಾಗಿದೆ?" ಎಂದು ಕಾವಲುಗಾರ ಕಾಲೆಳೆಯುತ್ತಾನೆ.

"ಇನ್ನೂ ತಿಂದಿಲ್ಲಪ್ಪ. ಈಗ ಹೋಗ್ತಿದ್ದೀನಿ ತಿನ್ನೋಕೆ."

ಸಾಲಿನಲ್ಲಿರುವವರು ನಗುವುದಿಲ್ಲ. ಅವರಿಗೆ ಗೊತ್ತು. ಇವತ್ತು ಬೇರಕ್ಕನ ಪಾಲಿಗೆ ಬಂದಿರುವುದು ಒಂದೇ ಮರ, ಹಳ್ಳದ ದಂಡೆಯ ಮೇಲಿನ ನಿಂಬೆ. ಅದನ್ನು ನೆಟ್ಟವರು ಬೇರಕ್ಕನ ಒಡಹುಟ್ಟಿದ ಅಕ್ಕ.

ಕಾಡಿನಲ್ಲಿ ತಾನಾಗಿ ಹುಟ್ಟಿದ್ದು ಮಾತ್ರ ಕಾಡಿನದು, ಜನ ತಂದು ನೆಟ್ಟದ್ದೆಲ್ಲ ಹೊರಗಿನದು ಎಂಬುದು ಉದ್ಯಾನದ ನಿಯಮ. ಹೊರಗಿನದನ್ನು ಬೇರುಸಹಿತ ತೆಗೆಯುವುದು ಈ ಹೆಂಗಸರ ಕೆಲಸ. ಕತ್ತಿಯಲ್ಲಿ ಕಡಿದರೆ ಒಂದಕ್ಕೆ ನಾಲ್ಕು ಚಿಗುರುತ್ತವೆ. ಅದಕ್ಕೇ ಬುಡದ ಸುತ್ತ ಬಿಡಿಸಿ, ಬೇರು ಎತ್ತ ಹೋಗಿದೆಯೋ ಅತ್ತ ಬೆರಳು ಹಾಕಿಕೊಂಡು ಹೋಗಬೇಕು. ಕಿತ್ತ ಗಿಡವನ್ನು ನೆಲಕ್ಕೆ ತಾಗಿಸದೆ, ಬೇರು ಮೇಲಾಗಿ, ಕೊಂಬೆಯ ಕವೆಗೆ ಸಿಕ್ಕಿಸಬೇಕು. ಮಣ್ಣು ಕಂಡರೆ ಮತ್ತೆ ಕಚ್ಚಿಕೊಳ್ಳುತ್ತದೆ. ಆಮೇಲೆ ಗುಂಡಿ ಮುಚ್ಚಿ, ಹಿಮ್ಮಡಿಯಲ್ಲಿ ತುಳಿದು, ಮೇಲೆ ತರಗೆಲೆ ಹರಡಬೇಕು. ಮೆತ್ತಗಿನ ನೆಲವಾದರೆ ದಿನಕ್ಕೆ ಹತ್ತು ಪೊದೆ, ಕಲ್ಲು ನೆಲವಾದರೆ ಮೂರು ಕಿತ್ತರೂ ದೊಡ್ಡದು. ಬೇರಕ್ಕನ ಬಲಗೈ ಬೆರಳುಗಳು ಈಗ ಪೂರ್ತಿ ನೆಟ್ಟಗಾಗುವುದಿಲ್ಲ. "ಕೈ ಮುಗಿಯೋಕೂ ಆಗಲ್ಲ, ಬೈಯೋಕೆ ಬೆರಳು ತೋರ್ಸೋಕೂ ಆಗಲ್ಲ. ಒಳ್ಳೇದೇ ಆಯ್ತು ಬಿಡಿ" ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಜೊತೆಗೆ ಬಂದ ನನಗೆ.

ಈ ಕೆಲಸದವರಿಗೆ ಹಳೆಯ ಮನೆಗಳು ಕಾಣುವುದು ಗೋಡೆಯಿಂದಲ್ಲ, ಗಿಡದಿಂದ. ಗೋಡೆಗಳು ಎಂದೋ ಮಣ್ಣಾಗಿವೆ. ಪುದೀನ ಸಿಕ್ಕಿದರೆ ಅಲ್ಲಿ ಬಚ್ಚಲ ನೀರು ಹರಿಯುತ್ತಿತ್ತು. ಗುಲಾಬಿ ಸಿಕ್ಕಿದರೆ ಅದು ಮುಂಬಾಗಿಲು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇರಕ್ಕನಿಗೆ ಇದು ತಿಳಿದಿರಲಿಲ್ಲ. ಒಂದು ದಿನ ಹಬ್ಬಿದ ಗುಲಾಬಿಯನ್ನು ಒಂದೆಳೆ ಬೇರೂ ಉಳಿಯದಂತೆ ಕಿತ್ತು, ಮೇಸ್ತ್ರಿಯಿಂದ ಶಹಬ್ಬಾಸ್ ಅನ್ನಿಸಿಕೊಂಡು, ನೀರು ಕುಡಿಯಲು ಒಂದು ಚಪ್ಪಡಿಯ ಮೇಲೆ ಕೂತರು. ಚಪ್ಪಡಿಯ ಮೂಲೆ ಮುರಿದಿತ್ತು. ಬಟ್ಟೆ ಒಗೆಯುವಾಗ ಅದರ ಮೇಲಿಂದ ಜಾರಿ ಬಿದ್ದು ಚಿಕ್ಕಮ್ಮನ ಕೈಯಲ್ಲಿ ಬೈಸಿಕೊಂಡದ್ದು ನೆನಪಾಯಿತು. ಕಿತ್ತದ್ದು ಆ ಚಿಕ್ಕಮ್ಮನ ಗುಲಾಬಿ. ಕಾಡು ಅಷ್ಟು ಬೆಳೆದಿತ್ತು, ಹುಟ್ಟಿದ ಕೇರಿಯ ಗುರುತೇ ಸಿಕ್ಕಿರಲಿಲ್ಲ.

ಈ ಕಾಡು ಉದ್ಯಾನವಾದ ಕಥೆ ಉದ್ದದ್ದು. ಮೊದಲು ಇದು ದೊರೆಗಳು ಬೇಟೆಗೆಂದು ಕಾಯ್ದಿಟ್ಟ ಜಾಗ. ಬೇಟೆಯಾಡಿ ಆಡಿ ಪ್ರಾಣಿಗಳು ಮುಗಿಯುತ್ತ ಬಂದಾಗ, ಬಂದೂಕು ಹಿಡಿದವರ ಮಕ್ಕಳು ಮೊಮ್ಮಕ್ಕಳೇ ಕಾಡು ಉಳಿಸಬೇಕೆಂದು ಹೊರಟರು. ನಕ್ಷೆ ಬಂತು, ನಕ್ಷೆಯ ಮೇಲೆ ಗೆರೆ ಬಂತು, ಗೆರೆಯ ಒಳಗಿದ್ದ ಮನೆಗಳ ಮುಂದೆ ಲಾರಿ ಬಂದು ನಿಂತವು. ಲೋಕದಲ್ಲಿ ಮೊದಮೊದಲು ಹುಟ್ಟಿದ ಇಂಥ ಉದ್ಯಾನಗಳಲ್ಲೂ ಎಷ್ಟೋ ಕಡೆ ನಡೆದದ್ದು ಇದೇ: ಇದ್ದವರನ್ನು ಹೊರಡಿಸಿ, ಇಲ್ಲಿ ಯಾರೂ ಇರಲಿಲ್ಲ ಎಂದು ಬರೆದು ನಿಲ್ಲಿಸಿದ್ದು. ಇಲ್ಲಿನ ಗೇಟಿನ ಫಲಕದ ಮೇಲೂ 'ಮನುಷ್ಯರ ಕೈ ಸೋಕದ ಕಾಡು' ಎಂದಿದೆ. ಆ ಫಲಕದ ಧೂಳು ಒರೆಸುವುದೂ ಇದೇ ಹೆಂಗಸರು.

"ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸ್ತಂತೆ, ಹಾಗಾಯ್ತು ನಮ್ಮ ಕಥೆ" ಎನ್ನುವ ಬೇರಕ್ಕ, ಹಿಂದೆಯೇ ಸೇರಿಸುತ್ತಾರೆ, "ಆದ್ರೆ ಸುಳ್ಳು ಹೇಳಬಾರ್ದು. ನಾವಿದ್ದಾಗ ಬೇಸಿಗೇಲಿ ಹಳ್ಳ ಬತ್ತೋದು. ಈಗ ಬತ್ತಲ್ಲ. ಜಿಂಕೆ ಬಂದು ನೀರು ಕುಡೀತವೆ. ಅದನ್ನ ನೋಡಿದ್ರೆ ಖುಷಿನೂ ಆಗುತ್ತೆ, ಹೊಟ್ಟೆನೂ ಉರಿಯುತ್ತೆ."

ಅಕ್ಕ ತಂಗಿ ಇಬ್ಬರೂ ಇರುವುದು ಕಾಡಿನಿಂದ ಎಬ್ಬಿಸಿ ತಂದವರಿಗೆಂದು ಕಟ್ಟಿದ ಸಾಲುಮನೆಯಲ್ಲಿ. ಗೋಡೆಗೆ ಗೋಡೆ ಅಂಟಿದೆ, ಮುಂದೆ ಸಿಮೆಂಟು, ಹಿತ್ತಿಲೆಂಬುದೇ ಇಲ್ಲ. ಡಬ್ಬಿಯಲ್ಲಿ ನೆಟ್ಟ ನಿಂಬೆ ಸಸಿ ಎರಡು ಸಲ ಒಣಗಿತು. ಅಕ್ಕನಿಗೆ ಈಗ ಕಣ್ಣು ಮಂಜು, ಬಾಯಿ ಮಾತ್ರ ಚುರುಕು. ತಂಗಿ ಈ ಕೆಲಸಕ್ಕೆ ಸೇರಿದ ದಿನ, "ನಮ್ಮನ್ನ ಕಿತ್ತೋರ ಹತ್ರಾನೇ ಕೀಳೋ ಕೆಲ್ಸಕ್ಕೆ ಸೇರಿದ್ಯಲ್ಲೇ, ಭಲೆ!" ಅಂದಿದ್ದರು. ಆಮೇಲೆ ತಾವೇ ಕೇಳಿದ್ದರು, "ನನ್ನ ನಿಂಬೆ ಏನಾದ್ರೂ ಇದೆಯೇನೇ ಅಲ್ಲಿ?"

ಇತ್ತು. ಹುಡುಗಿಯಾಗಿದ್ದಾಗ ಅಕ್ಕ ಹಿತ್ತಿಲಲ್ಲಿ ಊರಿದ ಒಂದು ಬೀಜ, ಲಾರಿ ಬಂದ ದಿನ ಮೊಣಕಾಲೆತ್ತರ ಇತ್ತು. ಅಕ್ಕನ ಕೈಯ ನೀರು ಕಂಡದ್ದು ಎರಡೇ ಬೇಸಿಗೆ. ಆದರೂ ಯಾರ ಹಂಗೂ ಇಲ್ಲದೆ ಮರವಾಗಿತ್ತು. ಬೇರಕ್ಕ ಅದನ್ನು ಬಾಯಿ ಬಿಡದೆ ಕಾಯುತ್ತ ಬಂದರು. ಆ ಕಡೆ ಹಾವಿದೆ ಎಂದು ಒಂದು ವರ್ಷ, ಜೇನು ಕಟ್ಟಿದೆ ಎಂದು ಇನ್ನೊಂದು ವರ್ಷ ಮೇಸ್ತ್ರಿಯನ್ನು ದೂರ ಇಟ್ಟರು. ಆ ದಿಕ್ಕಿಗೆ ಕೆಲಸ ಬಿದ್ದ ದಿನ ಒಂದು ಎಲೆಯನ್ನು ಬಲ ಅಂಗೈಯಲ್ಲಿ ಹಿಸುಕಿ, ಎಲೆಯನ್ನು ಅಲ್ಲೇ ಉದುರಿಸಿ ಬರುತ್ತಾರೆ. ಗೇಟಿನಲ್ಲಿ ಚೀಲ ನೋಡುತ್ತಾರೆ, ಅಂಗೈ ಮೂಸುವುದಿಲ್ಲ. ಮನೆಗೆ ಬಂದು ಆ ಕೈಯನ್ನು ಅಕ್ಕನ ಮೂಗಿಗೆ ಹಿಡಿಯುತ್ತಾರೆ. ಅಕ್ಕ ಎಳೆದು ಉಸಿರು ತೆಗೆದುಕೊಂಡು "ಇದೆ" ಎನ್ನುತ್ತಾರೆ. ಅಷ್ಟೇ ಮಾತು.

ಈ ಸಲ ಮರ ತಾನೇ ಸಿಕ್ಕಿಬಿತ್ತು. ಮೈತುಂಬ ಹಣ್ಣು ಬಿಟ್ಟಿತ್ತು. ನೋಡಲು ಬರುವವರಿಗಾಗಿ ಹಳ್ಳದ ಪಕ್ಕದಲ್ಲಿ ಹೊಸ ಕಾಲುದಾರಿ ಮಾಡಿಸಲು ಬಂದ ಸಾಹೇಬರಿಗೆ ದೂರದಿಂದಲೇ ಹಳದಿ ಕಂಡಿತು. ಸಾಹೇಬರು ಕೆಟ್ಟವರಲ್ಲ, ಬೇರಕ್ಕನನ್ನು ಅಮ್ಮಾ ಎಂದೇ ಕರೆಯುವವರು.

"ಇದೊಂದು ಬಿಟ್ಬಿಡಿ ಸಾಹೇಬ್ರೇ, ತನ್ನ ಪಾಡಿಗೆ ತಾನಿದೆ" ಎಂದು ಬೇರಕ್ಕ ಕೇಳಿಕೊಂಡರು.

"ಒಂದನ್ನ ಬಿಟ್ರೆ ಹಕ್ಕಿ ತಿಂದು ನೂರು ಕಡೆ ಬೀಜ ಹಾಕುತ್ತೆ. ಇದು ಇಲ್ಲೀದಲ್ಲ ಅಮ್ಮಾ."

"ನಾನು ಇಲ್ಲಿಯೋಳೇ ಸಾಹೇಬ್ರೇ. ನನ್ನನ್ನೂ ಕಳ್ಸಿದ್ರಲ್ಲ."

ಸಾಹೇಬರು ಮೆಲ್ಲಗೆ, "ನಿಮಗೆ ಕಷ್ಟ ಆದ್ರೆ ಬೇಡ. ಗರಗಸದೋರನ್ನ ಕರೆಸ್ತೀನಿ" ಅಂದರು.

"ಬೇಡ. ನಾನೇ ಕೀಳ್ತೀನಿ."

ಹಾಗೆಂದು ಇವತ್ತು ಹಾರೆ ಹಿಡಿದು ಮರದ ಮುಂದೆ ಕೂತಿದ್ದಾರೆ. ಜೊತೆಗೆ ಬಂದವಳು ತಂಡದ ಮಾತಿನಮಲ್ಲಿ. ಮೊದಲು ಹಣ್ಣನ್ನೆಲ್ಲ ಕಿತ್ತು ಮೂಟೆ ಕಟ್ಟುತ್ತಾರೆ. ಒಂದು ಬೀಜವೂ ಬೀಳದಂತೆ ಅದನ್ನು ಕಚೇರಿಗೆ ಒಪ್ಪಿಸಬೇಕು. ಆಮೇಲೆ ಬುಡ ಬಿಡಿಸುತ್ತಾರೆ. ಒಂದು ಬೇರು ಹಳ್ಳದ ಕಡೆ ಹೋಗಿದೆ. ದಪ್ಪನೆಯದೊಂದು ಇನ್ನೊಂದು ಕಡೆಗೆ, ಮಣ್ಣಾದ ಗೋಡೆಯನ್ನು ಹಾದು, ಒಲೆಯಿದ್ದ ಮೂಲೆಗೆ ಹೋಗಿದೆ. ಬೆರಳು ಹಾಕುತ್ತ ಹೋದ ಬೇರಕ್ಕನಿಗೆ ಮಸಿ ಹಿಡಿದ ಕಲ್ಲು ಸಿಗುತ್ತದೆ. ಬೇರು ಅದನ್ನು ಮಗು ಸೆರಗು ಹಿಡಿದ ಹಾಗೆ ಸುತ್ತಿಕೊಂಡಿದೆ.

"ಬಿಡಕ್ಕ, ಇಲ್ಲಿಗೇ ಕತ್ತರಿಸಿ ಮುಚ್ಬಿಡೋಣ. ನೀನು ಕಿತ್ತಿದ್ದನ್ನ ಯಾರು ಬಂದು ನೋಡ್ತಾರೆ?" ಎನ್ನುತ್ತಾಳೆ ಮಾತಿನಮಲ್ಲಿ.

ಬೇರಕ್ಕ ಹಾರೆ ಕೆಳಗಿಟ್ಟು ಕೂರುತ್ತಾರೆ.

"ದಾರಿ ಪಕ್ಕ ಅಲ್ವೇನೇ? ಚಿಗುರಿದ್ರೆ ಮತ್ತೆ ಕಣ್ಣಿಗೆ ಬೀಳುತ್ತೆ. ಆಗ ಗರಗಸದೋರು ಬರ್ತಾರೆ. ಒಂದು ಸಲ ಸಾಯೋದು ಸಾಕು ಅದಕ್ಕೆ."

ಕಲ್ಲಿನಿಂದ ಬೇರನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತಾರೆ. ಕಲ್ಲನ್ನು ಇದ್ದಲ್ಲೇ ಇಟ್ಟು ಮುಚ್ಚುತ್ತಾರೆ. ಮರವನ್ನು ಇಬ್ಬರೂ ಹೆಗಲು ಕೊಟ್ಟು, ಬೇರು ಮೇಲಾಗಿ, ಪಕ್ಕದ ಮರದ ಕವೆಗೆ ಒರಗಿಸುತ್ತಾರೆ. ಹಿಮ್ಮಡಿಯಲ್ಲಿ ತುಳಿಯುವಾಗ ಮಾತ್ರ ಬೇರಕ್ಕ ಚಪ್ಪಲಿ ಬಿಡುತ್ತಾರೆ. ತರಗೆಲೆ ಹರಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. "ಯಾರಾದ್ರೂ ಹೇಳ್ಲಿ ನೋಡೋಣ, ಇಲ್ಲೊಂದು ಮನೆ ಇತ್ತು ಅಂತ. ನಮ್ಮಪ್ಪನೇ ಎದ್ದು ಬಂದ್ರೂ ಹೇಳೋಕಾಗಲ್ಲ" ಎನ್ನುವ ಅವರ ದನಿಯಲ್ಲಿ ಹೆಮ್ಮೆ ಇದೆ.

ಸಂಜೆ ಗೇಟಿನಲ್ಲಿ ಕಾವಲುಗಾರ ಚೀಲ ಬಿಚ್ಚಿಸುತ್ತಾನೆ. ಖಾಲಿ ಬುತ್ತಿ, ಖಾಲಿ ಬಾಟಲಿ. ಹೋಗಿ ಎನ್ನುತ್ತಾನೆ.

ಸಾಲುಮನೆಯ ಬಾಗಿಲಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂತಿದ್ದಾರೆ. ಚಪ್ಪಲಿಯ ಸದ್ದಿಗೇ ಕೈ ಚಾಚುತ್ತಾರೆ. "ಹಳ್ಳದ ಕಡೆ ಹೋಗಿದ್ಯೇನೇ ಇವತ್ತು?"

ಬೇರಕ್ಕ ಬಲ ಅಂಗೈಯನ್ನು ಅವರ ಮುಖದ ಹತ್ತಿರ ತರುತ್ತಾರೆ. ಒಂದು ಎಲೆಯ ವಾಸನೆಯಲ್ಲ ಇವತ್ತು, ಇಡೀ ಮರದ್ದು. ಎಲೆ, ತೊಗಟೆ, ಹಣ್ಣು, ಬೇರು ಎಲ್ಲ ಅಂಟಿಕೊಂಡಿದೆ. ಅಕ್ಕ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಳ್ಳುತ್ತಾರೆ, ಬಿಡುವುದೇ ಇಲ್ಲ.

"ಅಬ್ಬಾ! ಗಿಡ ಭಾರೀ ಜೋರಾಗಿದೆ ಕಣೇ. ಇಷ್ಟು ಘಮ ಯಾವತ್ತೂ ಇರ್ಲಿಲ್ಲ. ಹೂವೂ ಬಿಟ್ಟಿರಬೇಕು."

"ಹೂಂ ಅಕ್ಕ. ಬಿಟ್ಟಿದೆ."

"ನಾಳೆನೂ ಅದೇ ಕಡೆನಾ?"

"ನಾಳೆನೂ ಅದೇ ಕಡೆ. ಅಲ್ಲಿ ದಾರಿ ಮಾಡ್ತಿದ್ದಾರೆ."

ಆಚೆ ನಲ್ಲಿಯ ಹತ್ತಿರ ಬಂದು ಬೇರಕ್ಕ ನನ್ನ ಕಡೆ ತಿರುಗಿ ದನಿ ತಗ್ಗಿಸುತ್ತಾರೆ. "ನೀವು ಎಲ್ಲಾ ಬರೀರಿ, ಪರವಾಗಿಲ್ಲ. ಅಕ್ಕಂಗೆ ಪೇಪರ್ ಓದಿ ಹೇಳೋಳು ನಾನೇ. ಆ ಜಾಗ ಬಂದಾಗ ಪುಟ ತಿರುವ್ತೀನಿ."

ನಲ್ಲಿ ತಿರುಗಿಸಿ ಕಾಲು ತೊಳೆಯುತ್ತಾರೆ, ಮುಖಕ್ಕೆ ಎಡಗೈಯಲ್ಲೇ ನೀರು ಹಾಕಿಕೊಳ್ಳುತ್ತಾರೆ. ನೆಟ್ಟಗಾಗದ ಬಲಗೈಯನ್ನು ನೀರು ಸಿಡಿಯದಂತೆ ಬೆನ್ನ ಹಿಂದೆ ಹಿಡಿದಿದ್ದಾರೆ.

"ಇದು ನಾಳೆಗಿರ್ಲಿ."